ಮುದ್ದಣ್ಣನ ತಂತಿ, ಸುಗಂಧಿಯ ಕಣ್ಣು

ಕಾಪು ಪೇಟೆಯಲ್ಲಿ ಸುಗಂಧಿ ಎಂದರೆ ಯಾರು ಎಂದು ಯಾರನ್ನು ಬೇಕಾದರೂ ಕೇಳಿ. "ಓ, ಆ ಇಂಟರ್‌ಕಾಮ್ ಮುದ್ದಣ್ಣನ ಹೆಂಡತಿ ಅಲ್ವಾ? ಗಂಡನನ್ನು ಒಬ್ಬನೇ ಎಲ್ಲಿಗೂ ಬಿಡುದಿಲ್ಲ ಮಾರಾಯ್ರೆ, ಸ್ಕೂಟರಿನ ಹಿಂದೆ ಕೂತೇ ಇರ್ತಾಳೆ" ಎನ್ನುತ್ತಾರೆ. ಹೇಳಿ ಒಂದು ನಗೆ ನಗುತ್ತಾರೆ. ಮದುವೆಯಾದಂದಿನಿಂದ ಸುಗಂಧಿ ಆ ನಗೆಯನ್ನು ಎಷ್ಟು ಸಲ ನೋಡಿದ್ದಾಳೋ ಲೆಕ್ಕವಿಲ್ಲ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅದೂ ಬರುವುದನ್ನು ಬಿಟ್ಟಿತು.

ನಗುವವರಿಗೇನು, ಬಾಯಿಗೆ ಬಂದದ್ದು ಹೇಳುತ್ತಾರೆ. ಸತ್ಯ ಬೇರೆಯೇ ಇತ್ತು, ಅದನ್ನು ಹೇಳುವ ಹಾಗಿರಲಿಲ್ಲ.

ಮುದ್ದಣ್ಣನಿಗೆ ಬಣ್ಣ ಕಾಣುವುದಿಲ್ಲ. ಪೂರ್ತಿ ಕಾಣುವುದಿಲ್ಲ ಎಂದಲ್ಲ. ನೀಲಿ ಕಾಣುತ್ತದೆ, ಹಳದಿ ಕಾಣುತ್ತದೆ. ಆದರೆ ಕೆಂಪು, ಹಸಿರು, ಕೇಸರಿ, ಕಂದು ಇವೆಲ್ಲ ಅವನ ಕಣ್ಣಿಗೆ ಒಂದೇ ಮಣ್ಣಿನ ಬಣ್ಣ. ಹುಟ್ಟಿನಿಂದಲೇ ಹಾಗೆ. ಇಂಥ ಮನುಷ್ಯ, ಜಗತ್ತಿನಲ್ಲಿ ಸಾವಿರ ಕೆಲಸ ಬಿದ್ದಿರುವಾಗ, ಹೋಗಿ ಹೋಗಿ ಟೆಲಿಫೋನ್ ತಂತಿಯ ಕೆಲಸವನ್ನೇ ಹಿಡಿಯಬೇಕೆ? ಹಿಡಿದ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಟೆಲಿಫೋನ್ ಕೇಬಲ್ಲಿಗೆ ಹೊಂಡ ತೋಡುವ ಗ್ಯಾಂಗಿಗೆ ಸೇರಿದ. ಹೊಂಡಕ್ಕಿಂತ ಹೊಂಡದೊಳಗಿನ ತಂತಿಯ ಮೇಲೆ ಅವನಿಗೆ ಪ್ರೀತಿ ಹುಟ್ಟಿತು. ನೋಡಿ ನೋಡಿಯೇ ಕಲಿತು ಸ್ವಂತ ಕೆಲಸ ಶುರು ಮಾಡಿದ. ಲಾಡ್ಜ್, ಕಾಲೇಜು, ಹೂಡೆಯ ಐಸ್ ಪ್ಲಾಂಟ್, ಕಾರ್ಕಳದ ಕಲ್ಲು ಕೋರೆಯ ಆಫೀಸು, ಎಲ್ಲ ಕಡೆ ಇ‌ಪಿಎಬಿಎಕ್ಸ್ ಕೂರಿಸುವುದು ಅವನ ಕಸುಬು. ಹೊರಗಿನಿಂದ ಬರುವ ನಾಲ್ಕು ಲೈನುಗಳನ್ನು ಒಳಗಿನ ನಲವತ್ತು ಫೋನುಗಳಿಗೆ ಹಂಚಿಕೊಡುವ ಪೆಟ್ಟಿಗೆ ಅದು.

ಆ ಪೆಟ್ಟಿಗೆಯ ವಿಷಯದಲ್ಲಿ ಮುದ್ದಣ್ಣನನ್ನು ಮೀರಿಸುವವರಿಲ್ಲ, ಅದನ್ನು ಒಪ್ಪಲೇಬೇಕು. ರಿಸೀವರ್ ಕಿವಿಗಿಟ್ಟುಕೊಂಡು ಆ ಗುಂಯ್ ಸದ್ದು ಕೇಳಿದರೆ ಸಾಕು, "ಮಾಡಿನ ಹತ್ತಿರದ ಜಾಯಿಂಟಿಗೆ ನೀರು ಹೋಗಿದೆ" ಎನ್ನುತ್ತಿದ್ದ. ಹತ್ತಿ ನೋಡಿದರೆ ನೀರು ಹೋಗಿಯೇ ಇರುತ್ತಿತ್ತು. ಆದರೆ ಪೆಟ್ಟಿಗೆಯಿಂದ ಹೊರಡುವ ದಪ್ಪ ಕೇಬಲ್ಲಿನೊಳಗೆ ಇಪ್ಪತ್ತು ಜೋಡಿ ಸಣ್ಣ ತಂತಿ ಇರುತ್ತವೆ. ಯಾವ ಜೋಡಿ ಯಾವ ಕೋಣೆಗೆ ಎಂದು ಗುರುತು ಹಿಡಿಯಲು ಇರುವುದು ಬಣ್ಣವೊಂದೇ.

ಮದುವೆಯಾದ ಮೂರನೆಯ ತಿಂಗಳು ಕಾರ್ಕಳದ ಒಂದು ಲಾಡ್ಜಿನಲ್ಲಿ ಅವನ ಬಂಡವಾಳ ಬಯಲಾಗುವುದರಲ್ಲಿತ್ತು. ಮಹಡಿಯ ಕೋಣೆಯವರು ಚಹಾ ಬೇಕೆಂದು ಅಡುಗೆಮನೆಗೆ ಫೋನ್ ಮಾಡಿದರೆ ಅದು ಹೊಸ ಮದುಮಕ್ಕಳ ಕೋಣೆಯಲ್ಲಿ ರಿಂಗಾಗುತ್ತಿತ್ತು. ಮದುಮಗ ಮ್ಯಾನೇಜರನ್ನು ಬೈಯಲು ರಿಸೀವರ್ ಎತ್ತಿದರೆ ಅದು ಬಟ್ಟೆ ಒಗೆಯುವವನಿಗೆ ಹೋಗುತ್ತಿತ್ತು. ಮುದ್ದಣ್ಣ ಎರಡು ಸಲ ಹೋಗಿ ಸರಿಮಾಡಿ ಬಂದ. ಮೂರನೆಯ ಸಲ ಅದು ಮೊದಲಿಗಿಂತ ಕೆಟ್ಟಿತ್ತು. ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಬಂದವನು ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಸುಗಂಧಿ, "ಹಿತ್ತಲಿನ ಗಿಡದಲ್ಲಿ ಮೆಣಸು ಹಣ್ಣಾಗಿದೆ, ಕೆಂಪಾದದ್ದು ಮಾತ್ರ ಕೊಯ್ದು ತನ್ನಿ, ಬೀಜಕ್ಕೆ" ಎಂದಳು. ಅವನು ಒಂದು ತಟ್ಟೆ ತುಂಬ ತಂದ. ಅದರಲ್ಲಿ ಮುಕ್ಕಾಲು ಪಾಲು ಹಸಿರು ಮೆಣಸು.

ಸುಗಂಧಿ ತಟ್ಟೆಯನ್ನು ನೋಡಿದಳು, ಗಂಡನ ಮುಖ ನೋಡಿದಳು, ಲಾಡ್ಜಿನ ಕಥೆಯನ್ನು ನೆನಪು ಮಾಡಿಕೊಂಡಳು. ದಡ್ಡಿಯಲ್ಲ ಅವಳು.

"ನಿಮಗೆ ಬಣ್ಣ ಕಾಣುದಿಲ್ವಾ?" ಎಂದು ಕೇಳಿದಳು.

ಅವನು ತಟ್ಟೆಯ ಮೆಣಸನ್ನು ಬೆರಳಲ್ಲಿ ಆಚೀಚೆ ಸರಿಸಿದ. "ಕೆಲವು ಕಾಣುದಿಲ್ಲ" ಎಂದ.

"ಮದುವೆಗೆ ಮುಂಚೆ ಹೇಳ್ಲಿಕ್ಕೆ ಎಂತ ಆಗಿತ್ತು?"

"ಯಾರಿಗೂ ಹೇಳಿಲ್ಲ. ಅಮ್ಮನಿಗೂ ಗೊತ್ತಿಲ್ಲ. ಬಣ್ಣ ಕಾಣದವನಿಗೆ ತಂತಿ ಕೆಲಸ ಕೊಡುವವರು ಯಾರು ಸುಗಂಧಿ? ಈ ಒಂದು ಕೆಲಸ ಬಿಟ್ರೆ ನನಗೆ ಬೇರೆ ಎಂತ ಗೊತ್ತುಂಟು?"

ಅವಳಿಗೆ ಸಿಟ್ಟು ಬಂದದ್ದು ನಿಜ. ಕಣ್ಣಿನ ಮೇಲಲ್ಲ, ಮುಚ್ಚಿಟ್ಟದ್ದರ ಮೇಲೆ. ಒಂದು ದಿನ ಮಾತಾಡದೆ ಇದ್ದಳು. ಎರಡನೆಯ ದಿನ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸ್ಕೂಟರ್ ತೆಗೀರಿ, ಕಾರ್ಕಳಕ್ಕೆ ಹೋಗುವ" ಎಂದಳು.

ಸುಗಂಧಿಯ ತವರು ಶಂಕರಪುರ. ಬೆಳಗಾಗುವ ಮೊದಲೇ ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಚೆಂಡು ಕಟ್ಟಿ ಬೆಳೆದವಳು. ಆ ಬೆರಳುಗಳಿಗೆ ಕೂದಲೆಳೆಯಂಥ ತಂತಿ ಏನೂ ದೊಡ್ಡದಲ್ಲ. ಲಾಡ್ಜಿನ ಮೆಟ್ಟಿಲ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತು, ಜೋಡಿ ಜೋಡಿಯಾಗಿ ಬಿಡಿಸಿ, ಮುದ್ದಣ್ಣ ಹೇಳಿಕೊಟ್ಟ ಸಾಲಿನಂತೆ ಒಂದೊಂದನ್ನೇ ಅವನ ಕೈಗೆ ಕೊಟ್ಟಳು. ಅವನು ಕೂರಿಸಿದ. ಪ್ರತಿ ಜೋಡಿಗೂ ಅವಳು ಒಂದು ಚೀಟಿ ಬರೆದು ಅಂಟಿಸಿದಳು. ಸಂಜೆಯ ಹೊತ್ತಿಗೆ ಚಹಾ ಅಡುಗೆಮನೆಗೆ ಹೋಯಿತು, ಬೈಗುಳ ಮ್ಯಾನೇಜರಿಗೆ ಹೋಯಿತು, ಮದುಮಕ್ಕಳು ನೆಮ್ಮದಿಯಾಗಿ ಮಲಗಿದರು.

ಅಂದಿನಿಂದ ಅವರ ಸಂಸಾರ ಹೀಗೇ ನಡೆಯಿತು. ಮುಂದೆ ಟೂಲ್ ಬ್ಯಾಗು, ನಡುವೆ ಮುದ್ದಣ್ಣ, ಹಿಂದೆ ಸುಗಂಧಿ. ನೋಡಿದವರಿಗೆ ಅವಳು ತಂತಿ ಎತ್ತಿಕೊಡುವ ಹೆಲ್ಪರ್. ಮಗಳು ಪ್ರಣೀತಾ ಹುಟ್ಟಿದಾಗ ಮೂರು ತಿಂಗಳು ಕೆಲಸವೇ ನಿಂತಿತು; ಮುದ್ದಣ್ಣ ಕೈಗೊಂದು ಪಟ್ಟಿ ಸುತ್ತಿಕೊಂಡು, ಮಣಿಗಂಟು ಉಳುಕಿದೆ ಎಂದು ಊರಿಗೆಲ್ಲ ಸುಳ್ಳು ಹೇಳಿದ. ಆಮೇಲೆ ಕಂಪ್ಯೂಟರ್ ಕೇಬಲ್ ಬಂತು. ಅದರಲ್ಲಿ ಎಂಟೇ ತಂತಿ, ಆದರೆ ಒಂದು ಅದಲುಬದಲಾದರೂ ಲೈನು ಸತ್ತಂತೆ. ಕೇಸರಿ-ಬಿಳಿ, ಕೇಸರಿ, ಹಸಿರು-ಬಿಳಿ, ನೀಲಿ, ನೀಲಿ-ಬಿಳಿ, ಹಸಿರು, ಕಂದು-ಬಿಳಿ, ಕಂದು. ಮುದ್ದಣ್ಣನನ್ನು ಕಾಡಲೆಂದೇ ಯಾರೋ ಕುಳಿತು ಆರಿಸಿದ ಬಣ್ಣಗಳು! ಸುಗಂಧಿಗೆ ಅದು ವಾರದೊಳಗೆ ಬಾಯಿಪಾಠವಾಯಿತು.

ಊರಿನವರ ಮಾತನ್ನು ಹೇಗೋ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲು ಕಷ್ಟವಾದದ್ದು ಮುದ್ದಣ್ಣನ ಅಕ್ಕ ಕಮಲಕ್ಕನ ಮಾತು. ಒಂದು ಸೀಮಂತದಲ್ಲಿ ನಾಲ್ಕು ಜನರ ಎದುರಿಗೇ, "ಗಂಡನಿಗೆ ಹೀಗೆ ಕಾವಲು ಕೂತ್ರೆ ಹೇಗೆ ಮಾರಾಯ್ತಿ? ನನ್ನ ತಮ್ಮ ಅಂಥವನಲ್ಲ" ಎಂದಿದ್ದಳು. ಸುಗಂಧಿ ಬಡಿಸುತ್ತಿದ್ದ ಪಾಯಸದ ಸೌಟು ಹಿಡಿದುಕೊಂಡು ಸುಮ್ಮನೆ ನಿಂತಳು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಿದ್ದರೆ ಮರುದಿನದಿಂದ ಮುದ್ದಣ್ಣನಿಗೆ ಕೆಲಸ ಇರುತ್ತಿರಲಿಲ್ಲ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಮುಂದಿನ ಎಲೆಗೆ ಪಾಯಸ ಬಡಿಸಿದಳು.

ಕಾಲ ಹೀಗೇ ಇರುತ್ತದೆಯೇ? ಎಲ್ಲರ ಜೇಬಿಗೂ ಮೊಬೈಲು ಬಂತು. ಲಾಡ್ಜಿನವರು ಕೋಣೆಯ ಫೋನುಗಳನ್ನು ಕಿತ್ತು ಗುಜರಿಗೆ ಹಾಕಿದರು. ಐಸ್ ಪ್ಲಾಂಟಿನವರು ವಾಟ್ಸಾಪಿನಲ್ಲೇ ವ್ಯವಹಾರ ಮುಗಿಸತೊಡಗಿದರು. ತಿಂಗಳಿಗೆ ಎರಡು ಕರೆ ಬಂದರೆ ಹೆಚ್ಚು. ಅಂಥ ಹೊತ್ತಿನಲ್ಲಿ ಮಣಿಪಾಲದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಿಂದ ಮುದ್ದಣ್ಣನಿಗೆ ಕರೆ ಬಂತು. ಅವರಿಗೆ ಉಡುಪಿಯ ಕಡಿಯಾಳಿಯಲ್ಲಿ, ಕಾಪುವಿನಲ್ಲಿ, ಕಾರ್ಕಳದಲ್ಲಿ ಶಾಖೆಗಳಿದ್ದವು. ಎಲ್ಲ ಕಡೆ ಹಳೆಯ ಪೆಟ್ಟಿಗೆ ತೆಗೆದು ಐಪಿ ಫೋನ್ ಹಾಕಬೇಕು. ಅಂದರೆ ಕಂಪ್ಯೂಟರಿನ ಕೇಬಲ್ಲಿನಲ್ಲೇ ಮಾತೂ ಹೋಗಬೇಕು, ರಿಪೋರ್ಟೂ ಹೋಗಬೇಕು. ಕೆಲಸ ಚೆನ್ನಾಗಿ ಆದರೆ ಮೂರು ವರ್ಷ ನೋಡಿಕೊಳ್ಳುವ ಕರಾರು.

ಮುದ್ದಣ್ಣ ಹೋಗಿ ಮಾತಾಡಿ ಬಂದ. ಬಂದವನ ಮುಖ ಲಾಡ್ಜಿನ ದಿನದ ಮುಖವೇ.

"ಎಂತ ಆಯ್ತು? ಕೊಡುದಿಲ್ವಾ ಅವರು?"

"ಕೊಟ್ರು. ನಾಡಿದ್ದು ಸೋಮವಾರ ಶುರು."

"ಮತ್ತೆ ಯಾಕೆ ಹೀಗೆ?"

"ಅಲ್ಲಿ ಚೈತಾಲಿ ಮೇಡಂ ಅಂತ ಇದ್ದಾರೆ, ಕಂಪ್ಯೂಟರ್ ವಿಭಾಗಕ್ಕೆಲ್ಲ ಅವರೇ ದೊಡ್ಡವರು. ಸರ್ವರ್ ರೂಮಿನಲ್ಲಿ ರೋಗಿಗಳ ರಿಪೋರ್ಟೆಲ್ಲ ಉಂಟಂತೆ. ಅದಕ್ಕೆ ಒಳಗೆ ಒಬ್ಬರಿಗೆ ಮಾತ್ರ ಪಾಸು. ಹೆಲ್ಪರ್ ಎಲ್ಲ ಆಗುದಿಲ್ಲ ಅಂದ್ರು. ಮೊದಲನೇ ದಿನ ಅವರ ಎದುರಿಗೇ ಒಂದು ಕೇಬಲ್ ಮಾಡಿ ತೋರಿಸ್ಬೇಕು."

"ನೀವು ಎಂತ ಹೇಳಿದಿರಿ?"

"ಹೂಂ ಅಂದೆ."

ಸುಗಂಧಿಗೆ ತಲೆ ಗೋಡೆಗೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಹೂಂ ಅಂದನಂತೆ! ಆದರೆ ಇಲ್ಲ ಎಂದು ಬರಲೂ ಆಗುವುದಿಲ್ಲ ಎಂದು ಅವಳಿಗೂ ಗೊತ್ತಿತ್ತು. ಈ ಕೆಲಸ ತಪ್ಪಿದರೆ ಮುಂದಿನದು ಎಲ್ಲಿಂದ ಬರಬೇಕು? ಐವತ್ತೆರಡನೆಯ ವಯಸ್ಸಿನಲ್ಲಿ ಮುದ್ದಣ್ಣ ಇನ್ನು ಯಾವ ಕೆಲಸ ಕಲಿಯಬೇಕು? ಮಾಡಲು ಹೋಗಿ ಸಿಕ್ಕಿಬಿದ್ದರಂತೂ ಕಥೆಯೇ ಮುಗಿಯಿತು. ಮಣಿಪಾಲದಲ್ಲಿ ಸೀನಿದ್ದು ಕಾರ್ಕಳದಲ್ಲಿ ಕೇಳಿಸುವ ಕಾಲ ಇದು.

ಉಪಾಯ ಸುಗಂಧಿಯದೇ. ವಿಡಿಯೋ ಕಾಲ್. ಅವನ ಅಂಗಿಯ ಜೇಬಿನಲ್ಲಿ ಫೋನು, ಕ್ಯಾಮೆರಾ ಹೊರಗೆ ಇಣುಕುವ ಹಾಗೆ. ಕಿವಿಯಲ್ಲಿ ಸಣ್ಣ ಇಯರ್‌ಫೋನ್. ಅವಳು ಮನೆಯಲ್ಲಿ ಕುಳಿತು ನೋಡಿ ಹೇಳುವುದು, ಅವನು ಅಲ್ಲಿ ಮಾಡುವುದು. ಭಾನುವಾರ ಅಭ್ಯಾಸ ಮಾಡಿದರು. ಅವನು ಚಾವಡಿಯಲ್ಲಿ, ಅವಳು ಅಡುಗೆಮನೆಯಲ್ಲಿ ಅಕ್ಕಿ ಡಬ್ಬಿಗೆ ಫೋನ್ ಒರಗಿಸಿಟ್ಟು. "ಎಡಗಡೆಯಿಂದ ಮೂರನೆಯದು ಕೇಸರಿ. ಅಲ್ಲ, ಅದಲ್ಲ ಮಾರಾಯ್ರೆ, ಅದರ ಆಚೆಯದು." ಆರು ಕೇಬಲ್ ಮಾಡಿದರು, ಆರೂ ಸರಿಯಾದವು. ಮುದ್ದಣ್ಣ ಅಂದು ರಾತ್ರಿ ಎರಡು ಬಾರಿ ಬಡಿಸಿಕೊಂಡು ಉಂಡ.

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಕರೆ ಬಂತು. ಸುಗಂಧಿ ಅಕ್ಕಿ ಡಬ್ಬಿಯ ಎದುರು ಮಣೆ ಹಾಕಿ ಕುಳಿತಳು. ಪರದೆಯ ಮೇಲೆ ಒಂದು ಬಿಳಿ ಗೋಡೆ ಕಂಡಿತು, ಮೆಟ್ಟಿಲು ಕಂಡವು. ಮೆಟ್ಟಿಲು ಕೆಳಕ್ಕೆ ಹೋದವು, ಇನ್ನೂ ಕೆಳಕ್ಕೆ ಹೋದವು. ಒಂದು ಬಾಗಿಲು ತೆರೆಯಿತು. ಎತ್ತರದ ಕಬ್ಬಿಣದ ಕಪಾಟು, ಅದರ ತುಂಬ ಮಿಣುಕುವ ದೀಪಗಳು, ಒಂದು ಹುಡುಗಿಯ ದನಿ. ಆಮೇಲೆ ಮುದ್ದಣ್ಣನ ಕೈ, ಕೈಯಲ್ಲಿ ಸುಲಿದ ಕೇಬಲ್.

"ಕೇಸರಿ-ಬಿಳಿ ಹೆಬ್ಬೆರಳಿನ ಹತ್ತಿರ ಉಂಟು" ಎಂದಳು ಸುಗಂಧಿ.

ಕೈ ಅಲ್ಲಾಡಲಿಲ್ಲ.

"ಕೇಳ್ತದಾ? ಹೆಬ್ಬೆರಳಿನ ಹತ್ತಿರ!"

ಚಿತ್ರ ಹಾಗೇ ನಿಂತಿತ್ತು. ಒಂದು ಸುತ್ತು ತಿರುಗುವ ಗುರುತು ಬಂತು, ಆಮೇಲೆ ಕರೆಯೇ ಕಡಿಯಿತು. ಸರ್ವರ್ ರೂಮು ಇದ್ದದ್ದು ನೆಲಮಾಳಿಗೆಯಲ್ಲಿ. ನಾಲ್ಕು ಶಾಖೆಗೆ ಫೋನು ಕೊಡಲು ಹೋದವನ ಫೋನಿಗೇ ಸಿಗ್ನಲ್ ಇಲ್ಲ!

ಸುಗಂಧಿಯ ಜೀವ ಬಾಯಿಗೆ ಬಂತು. ಐದು ಸಲ ಕರೆ ಮಾಡಿದಳು. "ನೀವು ಕರೆ ಮಾಡಿದ ಚಂದಾದಾರರು" ಎಂದು ಆ ಹೆಂಗಸು ಹೇಳಲು ಶುರು ಮಾಡಿದಾಗಲೇ ಕಡಿದು ಮತ್ತೆ ಒತ್ತಿದಳು. ಆರನೆಯ ಸಲ ಒತ್ತಲಿಲ್ಲ. ಚಪ್ಪಲಿ ಸಿಕ್ಕಿಸಿಕೊಂಡು ಹೆದ್ದಾರಿಗೆ ಓಡಿದಳು. ಉಟ್ಟದ್ದು ಮನೆಯ ಸೀರೆ, ಅದು ನೆನಪಾದದ್ದು ಉಡುಪಿ ಬಸ್ಸು ಹತ್ತಿದ ಮೇಲೆ.

ಬಸ್ಸು ಕಟಪಾಡಿಯಲ್ಲಿ ನಿಂತಿತು, ಉದ್ಯಾವರದಲ್ಲಿ ನಿಂತಿತು, ಕೈ ತೋರಿಸಿದವರ ಎದುರಿಗೆಲ್ಲ ನಿಂತಿತು. ಕಂಡಕ್ಟರ್ ಒಬ್ಬ ಅಜ್ಜಿಯ ಮೀನಿನ ಬುಟ್ಟಿಗೆ ಜಾಗ ಮಾಡಿಕೊಡುತ್ತ ಹರಟುತ್ತಿದ್ದ. ಸುಗಂಧಿಗೆ ಎದ್ದುಹೋಗಿ ತಾನೇ ಬಸ್ಸು ಬಿಡಬೇಕು ಅನ್ನಿಸಿತು. ಹೋಗಿ ಏನು ಮಾಡುವುದೆಂದು ಅವಳಿಗೇ ಗೊತ್ತಿರಲಿಲ್ಲ. ಮಾತ್ರೆ ಮರೆತು ಹೋಗಿದ್ದಾರೆ, ಕೊಡಲು ಬಂದೆ ಎನ್ನುವುದೇ? ಒಂದು ನಿಮಿಷ ಅವನ ಪಕ್ಕ ನಿಂತರೆ ಸಾಕು, ಕಣ್ಣಲ್ಲೇ ತೋರಿಸಿಕೊಡಬಹುದು. ಉಡುಪಿಯಲ್ಲಿ ಇಳಿದು ಮಣಿಪಾಲದ ಬಸ್ಸಿಗೆ ಹಾರುವಾಗ ಹತ್ತೂವರೆ ದಾಟಿತ್ತು. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿರುತ್ತದೆ ಎಂದು ಅವಳ ಒಳಗೆ ಯಾರೋ ಹೇಳುತ್ತಿದ್ದರು. ಅವಮಾನ ಮಾಡಿ ಕಳಿಸಿರುತ್ತಾರೆ. ಸ್ಕೂಟರ್ ಬಿಟ್ಟುಕೊಂಡು ಬರುವಾಗ ಅವನ ಗಮನ ರಸ್ತೆಯ ಮೇಲೆ ಇರುತ್ತದೋ ಇಲ್ಲವೋ ಎಂದು ನೆನೆದು ಕಣ್ಣು ತುಂಬಿಬಂತು.

ಲ್ಯಾಬಿನ ಅಂಗಳದಲ್ಲಿ ಸ್ಕೂಟರ್ ಇತ್ತು. ಅದನ್ನು ನೋಡಿ ಅರ್ಧ ಜೀವ ವಾಪಸು ಬಂತು.

ಗೇಟಿನ ಕಾವಲುಗಾರ ಆಂಟನಿ ವಯಸ್ಸಾದ ಮನುಷ್ಯ, ಮರ್ಯಾದಸ್ಥ. ಆದರೆ ಬಿಡುವವನಲ್ಲ. "ಒಳಗೆ ಹೋಗ್ಲಿಕ್ಕೆ ಆಗುದಿಲ್ಲ ಅಮ್ಮ. ಪಾಸು ಬೇಕು."

"ನಮ್ಮವರು ಸರ್ವರ್ ರೂಮಿನಲ್ಲಿ ಕೆಲಸಕ್ಕೆ ಬಂದಿದ್ದಾರೆ. ಒಂದು ಮಾತ್ರೆ ಕೊಡ್ಬೇಕಿತ್ತು."

"ಮಾತ್ರೆ ಇಲ್ಲಿ ಕೊಡಿ, ನಾನು ಮುಟ್ಟಿಸ್ತೇನೆ."

ಕೊಡಲು ಮಾತ್ರೆ ಎಲ್ಲಿದೆ? ಸುಗಂಧಿ ಬರಿಗೈಯಲ್ಲಿ ಸೆರಗು ಹಿಂಡಿದಳು. ಸುಳ್ಳು ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. "ಒಂದು ಫೋನ್ ಆದ್ರೂ ಮಾಡಿಕೊಡಿ ಅಣ್ಣ. ಅವರ ಮೊಬೈಲು ತಾಗುದಿಲ್ಲ" ಎಂದಳು.

ಆಂಟನಿ ಅವಳ ಮುಖ ನೋಡಿದ. ಕಾವಲುಕೋಣೆಯ ಹಳೆಯ ಇಂಟರ್‌ಕಾಮ್ ಫೋನಿನಲ್ಲಿ ಎರಡು ಅಂಕಿ ಒತ್ತಿ ರಿಸೀವರನ್ನು ಅವಳ ಕೈಗೆ ಕೊಟ್ಟ.

ನಾಲ್ಕು ಸಲ ರಿಂಗಾಯಿತು. "ಹಲೋ" ಎಂದ ಮುದ್ದಣ್ಣ.

"ನಾನು. ಗೇಟಿನ ಹತ್ತಿರ ಇದ್ದೇನೆ. ಎಂತ ಆಯ್ತು?"

"ಬಂದಿಯಾ?" ಅವನ ದನಿ ಹೇಗೋ ಹಗುರವಾಗಿತ್ತು. "ಸುಗಂಧಿ, ನಾನು ಹೇಳಿಬಿಟ್ಟೆ."

"ಎಂತ ಹೇಳಿದಿರಿ?"

"ಎಲ್ಲ."

ಸುಗಂಧಿ ಕಾವಲುಕೋಣೆಯ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆ ಕಡೆಯಿಂದ ಇನ್ನೊಂದು ದನಿ ಬಂತು, ಹುಡುಗಿಯದು. "ಮೇಡಂ, ನಾನು ಚೈತಾಲಿ. ಫೋನು ಸ್ವಲ್ಪ ಆಂಟನಿಯವರಿಗೆ ಕೊಡಿ. ನಿಮ್ಮನ್ನು ಒಳಗೆ ಕಳಿಸ್ಲಿಕ್ಕೆ ಹೇಳ್ತೇನೆ."

ಆ ಮೆಟ್ಟಿಲು ಇಳಿಯುವಾಗ ಸುಗಂಧಿ ಸೆರಗು ಸರಿಮಾಡಿಕೊಂಡಳು. ಹೆಂಡತಿಯನ್ನೂ ಕರೆಸಿ ಇಬ್ಬರಿಗೂ ಸೇರಿಸಿ ಮಂಗಳಾರತಿ ಮಾಡುತ್ತಾರೆ ಎಂದೇ ಅವಳ ಲೆಕ್ಕ. ಒಳಗೆ ಚಳಿ. ಮುದ್ದಣ್ಣ ಒಂದು ಸ್ಟೂಲಿನ ಮೇಲೆ ಕುಳಿತಿದ್ದ. ಅವನೆದುರಿಗೆ ಮೇಜಿನ ಮೇಲೆ ಎರಡು ಕೆಟ್ಟ ಕೇಬಲ್ ತುಂಡು ಬಿದ್ದಿದ್ದವು. ಚೈತಾಲಿಗೆ ಇಪ್ಪತ್ತೆಂಟು ಇರಬಹುದು. ಕುತ್ತಿಗೆಯಲ್ಲಿ ಕಾರ್ಡು, ಕೈಯಲ್ಲಿ ಕೇಬಲ್ ಪರೀಕ್ಷೆ ಮಾಡುವ ಪುಟ್ಟ ಯಂತ್ರ. ತಂತಿ ಸರಿ ಕೂತಿದ್ದರೆ ಅದರ ಎಂಟು ದೀಪಗಳು ಒಂದರಿಂದ ಎಂಟರವರೆಗೆ ಸಾಲಾಗಿ ಹತ್ತುತ್ತವೆ.

"ಎರಡು ಸಲ ಮಾಡಿದ್ರು, ಎರಡು ಸಲವೂ ದೀಪ ಹಿಂದೆಮುಂದೆ" ಎಂದಳು ಚೈತಾಲಿ. "ಕನ್ನಡಕ ಬೇಕಾ ಅಂತ ಕೇಳಿದೆ. ಕನ್ನಡಕದಿಂದ ಆಗುವ ವಿಷಯ ಅಲ್ಲ ಮೇಡಂ, ಹುಟ್ಟಿದಾಗಿಂದ ಹೀಗೆ, ನೋಡುದು ನನ್ನ ಹೆಂಡತಿ ಅಂದ್ರು."

ಸುಗಂಧಿ ಗಂಡನ ಕಡೆ ತಿರುಗಿದಳು.

"ಮತ್ತೆ ಈ ವಿಡಿಯೋ ಕಾಲಿನ ಕಥೆಯನ್ನೂ ಹೇಳಿದ್ರು." ಚೈತಾಲಿಯ ಮುಖ ಗಡುಸಾಯಿತು. "ಅದು ತಪ್ಪು. ಈ ರೂಮಿನೊಳಗೆ ಕ್ಯಾಮೆರಾ ತರ್ಬಾರ್ದು. ಇನ್ನೊಂದು ಸಲ ಹಾಗೆ ಮಾಡಿದ್ರೆ ನಾನೇ ಹೊರಗೆ ಕಳಿಸ್ತೇನೆ, ಗೊತ್ತಾಯ್ತಾ?"

"ಅದು ನಾನು ಹೇಳಿದ್ದು. ಅವರದ್ದು ತಪ್ಪಿಲ್ಲ" ಎಂದಳು ಸುಗಂಧಿ. ತಲೆ ತಗ್ಗಿಸಿ ಮುಂದಿನ ಬೈಗುಳಕ್ಕೆ ಕಾದಳು. ಅದು ಬರಲಿಲ್ಲ. ಚೈತಾಲಿ ತನ್ನ ಫೋನಿನಲ್ಲಿ ಒಂದು ಫೋಟೋ ತೆರೆದು ಅವಳೆದುರು ಹಿಡಿದಳು. ನಮ್ಮ ಕಾರ್ಕಳ ಶಾಖೆಯ ಹಳೆಯ ಪೆಟ್ಟಿಗೆ, ಎಂದಳು. ಮುಚ್ಚಳ ಬಿಚ್ಚಿ ತೆಗೆದ ಚಿತ್ರ. ಒಳಗೆ ಒಂದೊಂದು ಜೋಡಿ ತಂತಿಯ ಬುಡದಲ್ಲೂ ಒಂದೊಂದು ಚೀಟಿ: ರಿಸೆಪ್ಷನ್, ಡಾಕ್ಟರ ಕೋಣೆ, ರಕ್ತ ತೆಗೆಯುವಲ್ಲಿ, ಹಿಂದಿನ ಬಾಗಿಲು.

"ಇದು ಯಾರ ಕೈಬರಹ?"

"ನನ್ನದು. ಹದಿನಾಲ್ಕು ವರ್ಷ ಆಯ್ತು ಅದು ಹಾಕಿ."

"ಬೇರೆ ಎರಡು ಶಾಖೆಯಲ್ಲಿ ಚೀಟಿಯಲ್ಲಿ ಒಂದು ಹೆಸರು, ಫೋನ್ ಮಾಡಿದ್ರೆ ಇನ್ನೊಂದು ಕಡೆ ರಿಂಗ್ ಆಗ್ತದೆ. ಇದೊಂದರಲ್ಲಿ ಮಾತ್ರ ಎಂತ ಬರೆದುಂಟೋ ಅಲ್ಲಿಗೇ ಹೋಗ್ತದೆ. ಇದು ಮಾಡಿದವರು ಯಾರು ಅಂತ ಹುಡುಕಿಯೇ ನಾನು ಮುದ್ದಣ್ಣನವರಿಗೆ ಫೋನ್ ಮಾಡಿದ್ದು." ಚೈತಾಲಿ ಹೊಸ ಕೇಬಲ್ ತುಂಡೊಂದನ್ನು ಕತ್ತರಿಸಿ ಸುಗಂಧಿಯ ಎದುರಿಗಿಟ್ಟಳು. "ನನಗೆ ದೀಪ ಸಾಲಾಗಿ ಹತ್ತಿದ್ರೆ ಸಾಕು. ಮಾಡಿ ನೋಡುವ."

ಸುಗಂಧಿ ಸ್ಟೂಲಿನಲ್ಲಿ ಕುಳಿತಳು. ತುದಿ ಸುಲಿದು ಎಂಟು ತಂತಿ ಬಿಡಿಸಿದಳು. ಸಾಲು ಜೋಡಿಸಿದಳು, ತುದಿ ಕತ್ತರಿಸಿ ಸಮ ಮಾಡಿದಳು, ಅಭ್ಯಾಸಬಲದಿಂದ ಗಂಡನ ಕಡೆಗೆ ಕೈ ಚಾಚಿದಳು. ಮುದ್ದಣ್ಣ ತೆಗೆದುಕೊಳ್ಳಲಿಲ್ಲ. ತಂತಿಯ ತುದಿ ಒತ್ತಿ ಕೂರಿಸುವ ಇಕ್ಕಳವನ್ನೇ ಅವಳ ಕೈಗೆ ಕೊಟ್ಟ. ಮನೆಯಲ್ಲಿ ಎಷ್ಟೋ ಸಲ ಒತ್ತಿದ್ದಾಳೆ. ಬೇರೆಯವರ ಎದುರು ಇದೇ ಮೊದಲು. ಒತ್ತಿದಳು.

ಒಂದು, ಎರಡು, ಮೂರು, ನಾಲ್ಕು, ಐದು, ಆರು, ಏಳು, ಎಂಟು. ದೀಪಗಳು ಸಾಲಾಗಿ ಹತ್ತಿದವು.

"ಸಾಕು" ಎಂದಳು ಚೈತಾಲಿ. "ಪೆಟ್ಟಿಗೆಯ ಸೆಟ್ಟಿಂಗ್ ಎಲ್ಲ ಅವರಿಗೆ ಬಾಯಿಪಾಠ ಉಂಟು, ಅದು ನಾನು ಆಗಲೇ ನೋಡಿದೆ. ಒಂದು ಪಾಸು ಅಂತ ನಾನೇ ಹಾಕಿದ ನಿಯಮ, ಎರಡು ಮಾಡ್ತೇನೆ. ಚಹಾ ತರಿಸ್ಲಾ?"

ಅವಳು ಮೇಲೆ ಹೋಗುವವರೆಗೆ ಸುಗಂಧಿ ಸುಮ್ಮನಿದ್ದಳು. ಬಾಗಿಲು ಮುಚ್ಚಿದ್ದೇ ತಡ, ಅಷ್ಟು ಹೊತ್ತಿನಿಂದ ಎಲ್ಲಿತ್ತೋ ಏನೋ, ಸಿಟ್ಟು ಉಕ್ಕಿ ಬಂತು.

"ಹತ್ತು ನಿಮಿಷ! ಆ ಹುಡುಗಿಗೆ ಹೇಳ್ಲಿಕ್ಕೆ ನಿಮಗೆ ಹತ್ತು ನಿಮಿಷ ಸಾಕಾಯ್ತಾ? ನಾನು ಇಷ್ಟು ವರ್ಷ ನನ್ನ ಅಮ್ಮನಿಗೂ ಹೇಳದೆ ಬಾಯಿಗೆ ಬೀಗ ಹಾಕಿ ಕೂತೆ. ಸಂಶಯದ ಹೆಂಗಸು ಅಂತ ಊರೆಲ್ಲ ಹೇಳಿಸಿಕೊಂಡೆ!"

"ನೀನು ಪಕ್ಕದಲ್ಲಿ ಇರುವಾಗ ಹೇಳುವ ಪ್ರಸಂಗವೇ ಬರ್ಲಿಲ್ಲ ಸುಗಂಧಿ" ಎಂದ ಮುದ್ದಣ್ಣ. "ಇವತ್ತು ಆ ಎಂಟು ತಂತಿ ಹಿಡಿದು ಒಬ್ಬನೇ ಕೂತೆ ನೋಡು. ಆಗ ಗೊತ್ತಾಯ್ತು, ಇಷ್ಟು ವರ್ಷ ಜನ ನಿನ್ನನ್ನು ಆಡಿಕೊಳ್ಳುವಾಗ ನಾನು ಎಂತ ಮಾಡ್ತಾ ಇದ್ದೆ ಅಂತ. ಸುಮ್ಮನೆ ಕೂತಿದ್ದೆ. ನಾಚಿಕೆ ಆಯ್ತು."

ಅವನ ಕಣ್ಣು ಒದ್ದೆಯಾಗಿತ್ತು. ಸುಗಂಧಿ ಇನ್ನೂ ನಾಲ್ಕು ಮಾತು ಆಡುವುದಕ್ಕಿತ್ತು, ಆಡಲಿಲ್ಲ. ಎದೆಯ ಮೇಲಿಂದ ಯಾರೋ ಅಕ್ಕಿ ಮುಡಿ ಇಳಿಸಿದ ಹಾಗಾಯಿತು. ಅತ್ತಳು, ನಕ್ಕಳು, ಮೂಗು ಒರೆಸಿಕೊಂಡು, "ಏಳಿ, ಕೆಲಸ ಉಂಟು" ಎಂದಳು.

ಮಧ್ಯಾಹ್ನದ ಹೊತ್ತಿಗೆ ಮೊದಲ ಹನ್ನೆರಡು ಕೇಬಲ್ ಕಪಾಟಿಗೆ ಕೂತವು. ಸುಗಂಧಿ ಪಿಸುಗುಡಲಿಲ್ಲ. "ಇದು ಹಸಿರು, ಇದು ಕಂದು, ಕೊಡಿ ಇಲ್ಲಿ" ಎಂದು ಆ ಚಳಿಯ ಕೋಣೆಯಲ್ಲಿ ಮನೆಯಲ್ಲಿ ಮಾತಾಡಿದಂತೆಯೇ ಮಾತಾಡಿದಳು. ಮುದ್ದಣ್ಣ ಮೊದಲ ಐಪಿ ಫೋನನ್ನು ಮೇಜಿನ ಮೇಲಿಟ್ಟು ಜೀವ ಕೊಟ್ಟ. ಹೊರಗಿನ ಲೈನು ಸರಿ ಹೋಗುತ್ತದೆಯೇ ಎಂದು ನೋಡಲು ಒಂದು ಕರೆ ಮಾಡಬೇಕು. ಅವನು ಯಾರನ್ನೂ ಕೇಳದೆ ಒಂದು ನಂಬರ್ ಒತ್ತಿ ಸ್ಪೀಕರ್ ಹಾಕಿದ.

"ಯಾರು ಅದು?" ಕಮಲಕ್ಕನ ದನಿ ಕೋಣೆ ತುಂಬಿತು.

"ಅಕ್ಕ, ನಾನು. ನಿನಗೆ ಒಂದು ವಿಷಯ ಹೇಳ್ಲಿಕ್ಕುಂಟು." ಹೇಳಿದ. ಮೆಣಸಿನ ತಟ್ಟೆಯಿಂದ ಇವತ್ತಿನ ದೀಪದವರೆಗೆ ಎಲ್ಲವನ್ನೂ ಹೇಳಿದ. ಸುಗಂಧಿ ಕೈಯಲ್ಲಿ ಕೇಬಲ್ ಹಿಡಿದು ನಿಂತಿದ್ದಳು.

ಆ ಕಡೆ ಬಹಳ ಹೊತ್ತು ಮಾತಿಲ್ಲ. ಲೈನೇ ಕಡಿಯಿತೇನೋ ಎಂದು ಮುದ್ದಣ್ಣ ಫೋನಿನ ಕಡೆ ಬಗ್ಗಿದ.

"ಅಯ್ಯೋ ದೇವರೇ" ಎಂದಳು ಕಮಲಕ್ಕ. "ನಾನು ಅವಳಿಗೆ ಎಂತೆಂತ ಎಲ್ಲ ಹೇಳಿದ್ದೆ ಮಾರಾಯಾ."

"ಗೊತ್ತುಂಟು. ಅವಳು ಇಲ್ಲೇ ಇದ್ದಾಳೆ, ಕೇಳ್ತಾ ಇದ್ದಾಳೆ."

ಕಮಲಕ್ಕನ ದನಿ ಮೆತ್ತಗಾಯಿತು. "ಸುಗಂಧೀ... ಊಟ ಆಯ್ತಾ?"

ಕಮಲಕ್ಕನಂಥವಳ ಬಾಯಿಂದ ಇದಕ್ಕಿಂತ ದೊಡ್ಡ ಕ್ಷಮೆ ಹೊರಡುವುದಿಲ್ಲ, ಸುಗಂಧಿಗೆ ಅದು ಗೊತ್ತು. "ಇಲ್ಲಕ್ಕ, ಇನ್ನು ಆಗ್ಬೇಕಷ್ಟೆ. ಕೈಯಲ್ಲಿ ಕೆಲಸ ಉಂಟು" ಎಂದಳು. ಹಾಗೆ ಹೇಳುವಾಗ ಅವಳಿಗೆ ಎಂಥ ಸುಖವಾಯಿತೆಂದರೆ, ಅದನ್ನು ಇನ್ನೊಂದು ಸಲ ಹೇಳಿದಳು.

ಸಂಜೆ ಹೊರಡುವ ಹೊತ್ತಿಗೆ 'ಪಾಸಿನ ಅರ್ಜಿ ತುಂಬಿಸಿ ಹೋಗಿ, ನಾಳೆ ಗೇಟಿನಲ್ಲಿ ತೊಂದರೆ ಬೇಡ' ಎಂದು ಚೈತಾಲಿ ಅವರನ್ನು ಮೇಲಿನ ಮೇಜಿನ ಬಳಿ ಕೂರಿಸಿದಳು. ತಾನೇ ಪೆನ್ನು ಹಿಡಿದಳು. ಸುಗಂಧಿಯ ಹೆಸರು ಬರೆದಳು, ಊರು ಬರೆದಳು.

"ಕೆಲಸ?"

"ಹೆಲ್ಪರ್" ಎಂದಳು ಸುಗಂಧಿ. ಕೇಳಿದಾಗೆಲ್ಲ ಹೇಳಿದ ಮಾತು, ನಾಲಿಗೆಯ ತುದಿಯಲ್ಲೇ ಇತ್ತು.

ಚೈತಾಲಿ ಅವಳ ಮುಖ ನೋಡಿ, 'ಕೇಬಲ್ ಟೆಕ್ನೀಷಿಯನ್' ಎಂದು ಬರೆದಳು.

"ಎಷ್ಟು ವರ್ಷದ ಅನುಭವ?"

"ಇಪ್ಪತ್ತೆರಡು" ಎಂದ ಮುದ್ದಣ್ಣ.

"ಇಪ್ಪತ್ತಮೂರು" ಎಂದಳು ಸುಗಂಧಿ. ದನಿ ಸ್ವಲ್ಪ ದೊಡ್ಡದಾಗಿಯೇ ಬಂತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ನೋಡಲಿ. "ಇಪ್ಪತ್ತಮೂರು ಬರೀರಿ ಮೇಡಂ. ಒಂದು ವರ್ಷವೂ ಕಡಿಮೆ ಮಾಡ್ಬೇಡಿ."